ಹನ್ನೊಂದನೆಯ ಮೆಟ್ಟಿಲು

ನಮ್ಮ ಮನೆಯವರು ಹುಟ್ಟಿದ್ದು ಇಪ್ಪತ್ತಾರು ವರ್ಷದ ಹಿಂದೆ, ಒಂದು ಗುರುವಾರ, ಮೂರನೇ ಪೀರಿಯಡ್ಡಿನಲ್ಲಿ, ಒಂಬತ್ತನೇ ತರಗತಿಯ ಕರಿಹಲಗೆಯ ಮುಂದೆ. ಹುಟ್ಟುವಾಗಲೇ ಅವರಿಗೆ ನಲವತ್ತರ ಹತ್ತಿರ ವಯಸ್ಸು, ನೆತ್ತಿಯ ಮೇಲೆ ಕೂದಲು ಕಡಿಮೆ, ಗೊರಕೆ ಜಾಸ್ತಿ. ಹಡೆದವಳೂ ನಾನೇ, ಕಟ್ಟಿಕೊಂಡವಳೂ ನಾನೇ.

ನಾನು ಇಂಗ್ಲಿಷ್ ಟೀಚರು. ಅವತ್ತು ದೂರು ಪತ್ರದ ಪಾಠ. ಪುಸ್ತಕದಲ್ಲಿ ಕೊಟ್ಟಿದ್ದ ವಿಷಯ, ಬೀದಿ ದೀಪ ಉರಿಯುತ್ತಿಲ್ಲವೆಂದು ನಗರಸಭೆಗೆ ಬರೆಯುವುದು. ನಲವತ್ತೆರಡು ಮಕ್ಕಳು ನಲವತ್ತೆರಡು ಪತ್ರ ಬರೆದು ಕೊಟ್ಟರು. ಎಲ್ಲದರಲ್ಲೂ ಅದೇ ದೀಪ, ಅದೇ ವಿನಯ, ಕೊನೆಯಲ್ಲಿ ಅದೇ ‘ತಮ್ಮ ವಿಧೇಯ’. ಊರಿನ ಅಷ್ಟೂ ದೀಪ ಕೆಟ್ಟಿದ್ದರೂ ಒಬ್ಬರಿಗೂ ಸಿಟ್ಟು ಬಂದಿರಲಿಲ್ಲ. ನನಗೆ ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ಪತ್ರದ ಕಟ್ಟನ್ನು ಮೇಜಿನ ಮೇಲೆ ಕುಕ್ಕಿ ಕೇಳಿದೆ:

“ನಿಮಗೆ ಯಾರಿಗೂ ಯಾರ ಮೇಲೂ ದೂರೇ ಇಲ್ವಾ? ಅಷ್ಟು ಒಳ್ಳೆಯವರಾ ನೀವೆಲ್ಲ?”

ಕಿಟಕಿ ಪಕ್ಕದ ಎರಡನೇ ಬೆಂಚಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಮಾತ್ರ ಮೆಲ್ಲಗೆ ಎದ್ದಳು.

“ಮಿಸ್, ನಿಮ್ಮ ಮೇಲೆ ಬರೀಬಹುದಾ?”

“ನನ್ನ ಮೇಲೆ ನೀವು ಬರೆದ್ರೆ ಹೆದರ್ಕೊಂಡು ಬರೀತೀರ. ನಮ್ಮ ಮನೆಯವರು ನನ್ನ ಮೇಲೆ ದೂರು ಬರೆದ್ರೆ ಹೇಗಿರತ್ತೆ, ಹಾಗೆ ಬರೀರಿ.”

ನಾಲಿಗೆ ಜಾರಿತ್ತು. ಮದುವೆಯಾಗದ ಹೆಂಗಸಿನ ಬಾಯಲ್ಲಿ ‘ನಮ್ಮ ಮನೆಯವರು’ ಅನ್ನುವ ಮಾತು ಎಲ್ಲಿ ಅಡಗಿ ಕೂತಿತ್ತೋ ಗೊತ್ತಿಲ್ಲ. ತಿದ್ದಿಕೊಳ್ಳುವಷ್ಟರಲ್ಲಿ ಪೆನ್ನುಗಳು ಓಡತೊಡಗಿದ್ದವು. ‘ನೀನು ಮನೆಯಲ್ಲೂ ಹಾಜರಿ ಕರೆಯುತ್ತೀಯ, ಇರುವವನು ನಾನೊಬ್ಬನೇ’ ಎಂದು ಒಬ್ಬ ಬರೆದ. ‘ಉಪ್ಪು ಜಾಸ್ತಿ ಎಂದರೆ, ಪೂರ್ಣ ವಾಕ್ಯದಲ್ಲಿ ಹೇಳಿ ಎನ್ನುತ್ತೀಯ’ ಎಂದು ಇನ್ನೊಬ್ಬಳು. ಎಲ್ಲ ಇಂಗ್ಲಿಷಿನಲ್ಲೇ. ತಪ್ಪುಗಳು ರಾಶಿ ರಾಶಿ ಇದ್ದವು, ಆದರೆ ಜೀವ ಇತ್ತು. ಗಟ್ಟಿಯಾಗಿ ಓದಿಸಿದಾಗ ಪಕ್ಕದ ತರಗತಿಯ ಗಣಿತದ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತು ನೋಡುವಷ್ಟು ನಗು.

ಬೆಲ್ಲು ಹೊಡೆಯುವ ಮುಂಚೆ ಯಾರೋ ಕೇಳಿದರು, “ಅವರು ಏನ್ ಕೆಲಸ ಮಾಡ್ತಾರೆ ಮಿಸ್?”

ಹಿಂದಿನ ದಿನ ಬ್ಯಾಂಕಿನ ಲಿಫ್ಟಿನಲ್ಲಿ ಪರೀಕ್ಷಕರ ಸಹಿ ಇದ್ದ ಚೀಟಿ ನೋಡಿದ್ದೆ. ಅದೇ ಬಾಯಿಗೆ ಬಂತು. “ಲಿಫ್ಟ್ ಸರಿ ಇದೆಯಾ ಅಂತ ನೋಡೋ ಕೆಲಸ. ಊರೂರು ತಿರುಗ್ತಾರೆ.” ಹಾಗೆ ಅವರಿಗೆ ಕೆಲಸವೂ ಸಿಕ್ಕಿತು, ಮನೆಯಲ್ಲಿ ಇಲ್ಲದಿರಲು ಕಾರಣವೂ ಸಿಕ್ಕಿತು.

ಮದುವೆ ಯಾಕಾಗಲಿಲ್ಲ ಎಂಬುದಕ್ಕೆ ಒಂದು ದೊಡ್ಡ ಕಥೆ ಇದ್ದಿದ್ದರೆ ಹೇಳಿಕೊಂಡಾದರೂ ಸಮಾಧಾನ ಪಡಬಹುದಿತ್ತು. ಇಲ್ಲ. ಅಪ್ಪನ ಕಾಯಿಲೆ, ತಂಗಿಯ ಓದು, ತಂಗಿಯ ಮದುವೆ ಎಂದು ಒಂದೊಂದನ್ನೇ ಮುಗಿಸಿ ತಲೆ ಎತ್ತುವ ಹೊತ್ತಿಗೆ ಕೇಳುವವರು ಕೇಳುವುದನ್ನೇ ಬಿಟ್ಟಿದ್ದರು. ತಂಗಿ ದೂರದಲ್ಲಿದ್ದಾಳೆ. ತಿಂಗಳಿಗೊಮ್ಮೆ ಫೋನು ಮಾಡಿ “ಅಕ್ಕಾ, ಚೆನ್ನಾಗಿದೀಯಾ?” ಎನ್ನುತ್ತಾಳೆ, ನಾನು ಬಾಯಿ ತೆರೆಯುವುದರೊಳಗೆ ಕುಕ್ಕರು ಕೂಗಿತೆಂದು ಓಡುತ್ತಾಳೆ. ಅವಳ ತಪ್ಪಲ್ಲ. ಚೆನ್ನಾಗಿದ್ದೇನೆ ಅನ್ನುವುದು ಬಿಟ್ಟು ಬೇರೆ ಉತ್ತರವನ್ನು ನಾನು ಅವಳಿಗೆ ಯಾವತ್ತೂ ಕೊಟ್ಟವಳಲ್ಲ.

ನನ್ನ ಮನೆ ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆ. ಹೊರಗಿನಿಂದಲೇ ಕಬ್ಬಿಣದ ಮೆಟ್ಟಿಲು, ಒಟ್ಟು ಹದಿಮೂರು. ಹತ್ತು ಹತ್ತಿದ ಮೇಲೆ ಒಂದು ತಿರುವು. ಹನ್ನೊಂದನೆಯದರ ಮೇಲೆ ಕಾಲಿಟ್ಟರೆ ನನ್ನ ಬಾಗಿಲು ಕಾಣುತ್ತದೆ. ಬಾಗಿಲ ಹೊರಗೆ ಒಂದು ಜೊತೆ ಗಂಡಸರ ಚಪ್ಪಲಿ, ಎಂಟನೇ ನಂಬರಿನದು. ಮನೆಗೆ ಬಂದ ಹೊಸದರಲ್ಲಿ, ಒಂಟಿ ಹೆಂಗಸು ಎಂದು ಕಂಡವರಿಗೆಲ್ಲ ಗೊತ್ತಾಗುವುದು ಬೇಡವೆಂದು ಕೊಂಡಿದ್ದು. ಬಹಳ ಮಂದಿ ಹೆಂಗಸರು ಹೀಗೆ ಮಾಡುತ್ತಾರೆ, ಹೇಳಿಕೊಳ್ಳುವುದಿಲ್ಲ. ನಮ್ಮ ಮನೆಯವರು ಹುಟ್ಟಿದ ಮೇಲೆ ಆ ಚಪ್ಪಲಿಗೆ ಒಡೆಯರು ಸಿಕ್ಕಂತಾಯಿತು. ವಾರಕ್ಕೊಮ್ಮೆ ಧೂಳು ಒರೆಸುತ್ತಿದ್ದೆ, ಬಣ್ಣ ಮಾಸಿದಾಗ ಬದಲಾಯಿಸುತ್ತಿದ್ದೆ. ಚಪ್ಪಲಿ ಅಂಗಡಿಯವನು “ಯಜಮಾನರು ಬಹಳ ನಾಜೂಕಾಗಿ ನಡೀತಾರೆ ಅಂತ ಕಾಣತ್ತೆ” ಎಂದಿದ್ದ ಒಮ್ಮೆ. ಹೌದು, ನೆಲಕ್ಕೆ ಕಾಲೇ ಸೋಕಿಸುವುದಿಲ್ಲ ಎಂದುಕೊಂಡು ದುಡ್ಡು ಕೊಟ್ಟು ಬಂದೆ.

ಪ್ರತಿ ಗುರುವಾರ ಅವರ ಪತ್ರ ಬರುತ್ತಿತ್ತು, ನಲವತ್ತು ನಲವತ್ತೈದು ಕೈಬರಹದಲ್ಲಿ. ಸಂಜೆ ಊಟ ಮಾಡುತ್ತ ಓದುತ್ತಿದ್ದೆ. ಮೊದಮೊದಲು ಕೆಂಪು ಪೆನ್ನು ಹಿಡಿದು ಓದುತ್ತಿದ್ದವಳು, ಆಮೇಲಾಮೇಲೆ ಒಂದು ಸಲ ಪೆನ್ನಿಲ್ಲದೆ, ಇನ್ನೊಂದು ಸಲ ಪೆನ್ನಿನೊಂದಿಗೆ ಓದತೊಡಗಿದೆ. ‘ನೀನು ಒಲೆಯ ಮುಂದೆ ನಿಂತೇ ಊಟ ಮಾಡುತ್ತೀಯ, ಕೂತು ತಿನ್ನು’ ಎಂದು ಯಾವುದೋ ಹುಡುಗ ಬರೆದಿದ್ದ. ಅವನ ಅಮ್ಮ ಹಾಗೆ ತಿನ್ನುತ್ತಿದ್ದಿರಬೇಕು. ನಾನೂ ಹಾಗೇ ತಿನ್ನುತ್ತಿದ್ದೆ, ಅದೇ ಕ್ಷಣ ನಿಂತೇ ಓದುತ್ತಿದ್ದೆ. ತಟ್ಟೆ ಹಿಡಿದುಕೊಂಡು ಹೋಗಿ ಕುರ್ಚಿಯಲ್ಲಿ ಕೂತೆ. ಅವತ್ತಿನಿಂದ ಕೂತೇ ತಿನ್ನುತ್ತೇನೆ. ‘ಕನ್ನಡಕ ಬದಲಾಯಿಸು, ನೀನು ಪುಸ್ತಕವನ್ನು ಮೂಸಿ ನೋಡುವಂತೆ ಓದುತ್ತೀಯ’ ಎಂದು ಬಂತು, ಬದಲಾಯಿಸಿದೆ. ‘ಬಚ್ಚಲ ಬಾಗಿಲಲ್ಲಿ ಒಣ ಬಟ್ಟೆ ಹಾಕು, ಮೆಲ್ಲಗೆ ಕಾಲಿಡು’ ಎಂದು ಬಂತು, ಹಾಕಿದೆ. ಹೀಗೆ ಇಲ್ಲದ ಗಂಡ ಇರುವ ಹೆಂಡತಿಯನ್ನು ತಿದ್ದುತ್ತ ಬಂದರು. ಇರುವ ಗಂಡಂದಿರ ಮಾತನ್ನು ಯಾವ ಹೆಂಡತಿಯೂ ಇಷ್ಟು ಕೇಳಿರಲಾರಳು.

ಪಾಠದಲ್ಲಿ ಅವರ ಇನ್ನೊಂದು ಉಪಯೋಗವೂ ಇತ್ತು. ಒಂದು ಕೆಲಸವನ್ನು ಹೇಗೆ ಮಾಡಬೇಕೆಂದು ಹಂತ ಹಂತವಾಗಿ ಬರೆಯುವ ಪಾಠವಿದೆ. ಮಕ್ಕಳಿಗೆ ಹೇಳಿದೆ, “ನಮ್ಮ ಮನೆಯವರಿಗೆ ಹಾಲು ಕಾಯಿಸೋದು ಹೇಗೆ ಅಂತ ಬರೆದು ಕೊಡಿ. ನೆನಪಿರಲಿ, ಅವರು ಬರೆದಷ್ಟೇ ಮಾಡ್ತಾರೆ. ಬರೆಯದೇ ಇದ್ದದ್ದನ್ನ ಪ್ರಾಣ ಹೋದ್ರೂ ಮಾಡಲ್ಲ.” ಆಮೇಲೆ ನಾನೇ ಅವರಾಗಿ ಮೇಜಿನ ಹಿಂದೆ ನಿಲ್ಲುತ್ತಿದ್ದೆ. ಒಬ್ಬ ‘ಹಾಲನ್ನು ಒಲೆಯ ಮೇಲೆ ಇಡಿ’ ಎಂದು ಬರೆದಿದ್ದ. ಪಾತ್ರೆಯ ಸುದ್ದಿಯೇ ಇರಲಿಲ್ಲ, ಪ್ಯಾಕೆಟ್ಟನ್ನೇ ಒಲೆಯ ಮೇಲಿಟ್ಟೆ. ಇನ್ನೊಬ್ಬಳು ‘ಉಕ್ಕುವವರೆಗೆ ಕಾಯಿರಿ’ ಎಂದಿದ್ದಳು, ಒಲೆ ಹಚ್ಚಲು ಬರೆದಿರಲಿಲ್ಲ. ಬೆಲ್ಲು ಹೊಡೆಯುವವರೆಗೂ ಕಾಯುತ್ತ ನಿಂತೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಸ್ವಲ್ಪ’, ‘ಆಮೇಲೆ’, ‘ಯಾವಾಗಲಾದರೂ’ ಎಂಬ ಮಾತುಗಳಿಗೆ ನಮ್ಮ ತರಗತಿಯಲ್ಲಿ ಪ್ರವೇಶವಿರಲಿಲ್ಲ. ಯಾವಾಗಲಾದರೂ ಮಾಡಿ ಎಂದರೆ ನಮ್ಮ ಮನೆಯವರು ಯಾವಾಗಲೂ ಮಾಡುವುದಿಲ್ಲ ಎಂದು ಹೇಳಿಕೊಟ್ಟಿದ್ದೆ. ಆ ಮಕ್ಕಳ ಇಂಗ್ಲಿಷ್ ಹಾಗೆ ಗಟ್ಟಿಯಾಯಿತು.

ನನ್ನ ಭಾನುವಾರಗಳು ಮಾತ್ರ ಗಟ್ಟಿಯಾಗಲಿಲ್ಲ. ಅಂಗಡಿ ಮುಚ್ಚಿರುತ್ತದೆ, ಕೆಳಗಿನಿಂದ ಇಸ್ತ್ರಿಯ ಬಿಸಿ ವಾಸನೆಯೂ ಬರುವುದಿಲ್ಲ. ಎರಡು ಬಾರಿ ಗುಡಿಸಿದರೂ ಹನ್ನೊಂದು ಗಂಟೆ ಆಗಿರುವುದಿಲ್ಲ. ಆಗಾಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಗುತ್ತಿತ್ತು. ಕಬ್ಬಿಣವಲ್ಲವೇ, ಪ್ರತಿ ಹೆಜ್ಜೆಯೂ ಎಣಿಸುವ ಹಾಗೆ ಕೇಳುತ್ತದೆ. ಒಂಬತ್ತು, ಹತ್ತು, ಹನ್ನೊಂದು. ಅಲ್ಲಿ ನಿಲ್ಲುತ್ತಿತ್ತು. ಒಂದು ನಿಮಿಷ ಸುಮ್ಮನಿದ್ದು, ಮೆಲ್ಲಗೆ ಇಳಿದು ಹೋಗುತ್ತಿತ್ತು. ಬಟ್ಟೆ ಬೇಕಾದವರು ಅಂಗಡಿಯವರ ಮನೆ ಮೇಲೇ ಇರಬಹುದೆಂದು ಹತ್ತಿ, ಅಲ್ಲವೆಂದು ಗೊತ್ತಾಗಿ ಇಳಿಯುತ್ತಾರೆ ಎಂದುಕೊಂಡಿದ್ದೆ. ಬಾಗಿಲು ತೆಗೆದು “ಯಾರದು?” ಎಂದು ಕೇಳಬಹುದಿತ್ತು. ಕೇಳಿ, “ನೀವಲ್ಲ ಬಿಡಿ” ಎಂಬ ಉತ್ತರ ಬಂದರೆ ಆ ಭಾನುವಾರ ಇನ್ನೂ ಉದ್ದವಾಗುತ್ತದೆಂದು ಒಳಗೇ ಕೂತಿರುತ್ತಿದ್ದೆ.

ಈ ವರ್ಷ ನನ್ನ ನಿವೃತ್ತಿ. ಹೊಸದಾಗಿ ಬಂದ ಹೆಡ್‌ಮಾಸ್ಟರು ಉತ್ಸಾಹದ ಬುಗ್ಗೆ. ಬಂದ ತಿಂಗಳಲ್ಲೇ ಶಾಲೆಯ ಪ್ರತಿ ಕಂಬಕ್ಕೂ ಒಂದು ಒಳ್ಳೆಯ ಮಾತು ಬರೆಸಿದವರು. ಒಂದು ಬೆಳಿಗ್ಗೆ ನನ್ನ ಒಂಬತ್ತನೇ ತರಗತಿಗೇ ನುಗ್ಗಿ ಘೋಷಿಸಿದರು:

“ಮಕ್ಕಳೇ, ಬರೋ ಶುಕ್ರವಾರ ಮೇಡಂಗೆ ಬೀಳ್ಕೊಡುಗೆ ಸಮಾರಂಭ. ಈ ಸಲ ವೇದಿಕೆ ಮೇಲೆ ಜೋಡಿ ಕುರ್ಚಿ! ಇಷ್ಟು ವರ್ಷ ನೀವೆಲ್ಲ ಯಾರ ಹೆಸರಲ್ಲಿ ಪತ್ರ ಬರೆದ್ರೋ, ಆ ಯಜಮಾನರನ್ನೇ ಕರೆಸ್ತೀವಿ. ಏನಂತೀರಿ?”

ಚಪ್ಪಾಳೆ ಬೀಳಬೇಕಿತ್ತು. ಬೀಳಲಿಲ್ಲ. ಮಕ್ಕಳು ಮುಖ ಮುಖ ನೋಡಿಕೊಂಡರು. ಸಂತೋಷದಲ್ಲಿ ಮಾತು ಹೊರಡಲಿಲ್ಲವೆಂದು ನಾನು ತಿಳಿದುಕೊಂಡೆ, ನನ್ನ ಎದೆಯೇ ಅಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಮೂರನೇ ಬೆಂಚಿನಲ್ಲಿ ನಾವೆಲ್ಲ ವಕೀಲಮ್ಮ ಎಂದು ಕರೆಯುವ ಹುಡುಗಿ ಎದ್ದಳು. ಅವಳಿಗೆ ಆ ಹೆಸರು ಬಂದದ್ದು, ನಾನು ಕೊಟ್ಟ ಅರ್ಧ ಮಾರ್ಕಿಗೂ ಸಾಕ್ಷಿ ಸಮೇತ ವಾದಿಸುವುದರಿಂದ.

“ಸರ್, ಅವರಿಗೆ ಆ ವಾರ ಟೂರ್ ಇರತ್ತಲ್ವಾ?”

“ನಿನ್ನನ್ನ ಯಾರೂ ಕೇಳಲಿಲ್ಲ, ಕೂತ್ಕೋ,” ಎಂದು ಗದರಿದೆ. ಕೂತಳು. ಆದರೆ ಅವಳ ಮಾತು ನನಗೆ ಹಗ್ಗದ ಹಾಗೆ ಸಿಕ್ಕಿತ್ತು, ಬಿಡಲಿಲ್ಲ. “ಹೌದು ಸರ್, ಅವರು ಊರಲ್ಲಿರಲ್ಲ,” ಎಂದೆ.

“ಅಷ್ಟೇ ತಾನೆ! ಮುಂದಿನ ವಾರಕ್ಕೆ ಹಾಕೋಣ.”

ಮುಂದಿನ ವಾರ ಅವರಿಗೆ ಜ್ವರ ಬರಿಸಿದೆ. ಹೆಡ್‌ಮಾಸ್ಟರು ಇನ್ನೊಂದು ವಾರ ಮುಂದೂಡಿದರು. ಮೂರನೇ ಸಲ ನನ್ನ ಹತ್ತಿರ ಕಾಗೆ ಹಾರಿಸಲು ಕಾಗೆಯೇ ಉಳಿದಿರಲಿಲ್ಲ. “ಈ ಶುಕ್ರವಾರ ಮೇಡಂ, ತಪ್ಪಿಸೋ ಹಾಗಿಲ್ಲ. ಅವರ ಆಫೀಸಿನ ನಂಬರ್ ಕೊಡಿ, ನಾನೇ ರಜೆ ಕೇಳ್ತೀನಿ,” ಎಂದರು. ಕೊಡುತ್ತೇನೆ ಎಂದು ಹಾರಿಕೆಯ ಉತ್ತರ ಕೊಟ್ಟು ಸ್ಟಾಫ್ ರೂಮಿಗೆ ಬಂದು ಕೂತೆ.

ಅವಮಾನಕ್ಕೆ ಹೆದರಿದ್ದಲ್ಲ. ಸುಳ್ಳುಗಾತಿ ಎಂದರೆ ಎನ್ನಲಿ, ಬೈಗುಳ ತಿಂದು ಅರಗಿಸಿಕೊಳ್ಳುವ ಹೊಟ್ಟೆ ನನಗಿದೆ. ನಾನು ಹೆದರಿದ್ದು ಒಂದೇ ಮಾತಿಗೆ, ‘ಅಯ್ಯೋ ಪಾಪ’. ಇಪ್ಪತ್ತಾರು ವರ್ಷ ಈ ಮಕ್ಕಳು ನನ್ನನ್ನು ನೋಡಿ ನಕ್ಕಿದ್ದಾರೆ, ಹೆದರಿದ್ದಾರೆ, ಬೆನ್ನ ಹಿಂದೆ ಅಣಕಿಸಿದ್ದಾರೆ. ಯಾರೂ ಪಾಪ ಎಂದಿರಲಿಲ್ಲ. ಒಂದು ಸಲ ಪಾಪ ಎಂದುಬಿಟ್ಟರೆ ಆ ನಗುವೆಲ್ಲ ಹಿಂದಿನಿಂದ ಕೆಟ್ಟುಹೋಗುತ್ತದೆ. ನನ್ನ ಹತ್ತಿರ ಇದ್ದದ್ದು ಆ ನಗು ಒಂದೇ.

ಬುಧವಾರ ಸಂಜೆ ಕೂತು ದಾರಿ ಹುಡುಕಿದೆ. ನಮ್ಮ ಮನೆಯವರನ್ನು ಸಾಯಿಸಿಬಿಡಬಹುದಿತ್ತು, ಹೃದಯಾಘಾತಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಸತ್ತವರ ಮನೆಗೆ ಜನ ಬರುತ್ತಾರೆ, ಬಂದವರು ಫೋಟೋ ಎಲ್ಲಿ ಎನ್ನುತ್ತಾರೆ. ಇನ್ನೊಂದು ದಾರಿ, ಕೆಳಗಿನ ಇಸ್ತ್ರಿ ಅಂಗಡಿಯವರು. ನನ್ನ ವಯಸ್ಸಿನವರೇ, ನೆತ್ತಿಯ ಮೇಲೆ ಕೂದಲೂ ಕಡಿಮೆ, ಒಳ್ಳೆಯ ಅಂಗಿಗೆ ಬರವಿಲ್ಲ. ಎರಡು ಗಂಟೆ ಸುಮ್ಮನೆ ಕುರ್ಚಿಯಲ್ಲಿ ಕೂತಿರಿ ಎಂದು ಕೇಳಿದರೆ ಆಯಿತು. ಮಾತನ್ನು ಮೂರು ಸಲ ಬಾಯಿಪಾಠ ಮಾಡಿಕೊಂಡು ಕೆಳಗಿಳಿದೆ. ಅವರು ಯಾರದೋ ಕಾಲರಿಗೆ ನೀರು ಚಿಮುಕಿಸುತ್ತಿದ್ದರು.

“ಏನಮ್ಮಾ, ಬಟ್ಟೆ ಇತ್ತಾ?”

“ಇಲ್ಲ... ಹ್ಞೂಂ, ಇದೆ. ನಾಳೆ ತರ್ತೀನಿ.”

“ಯಜಮಾನರ ಬಟ್ಟೆ ಒಂದು ಸಲಾನೂ ಬರಲಿಲ್ಲ ನೋಡಿ ನಮ್ಮ ಹತ್ರ,” ಎಂದು ತಲೆ ಎತ್ತದೆ ಹೇಳಿದರು. ನಾನು ಮೆಟ್ಟಿಲು ಹತ್ತಿ ಬಂದು ಬಾಗಿಲು ಹಾಕಿಕೊಂಡೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಗುರುವಾರ ಕೊನೆಯ ಪತ್ರಗಳ ದಿನ. ಮಕ್ಕಳು ಎಂದಿನಂತೆ ಬರೆದರು, ಆದರೆ ಓದಿ ಎಂದರೆ ಯಾರೂ ಏಳಲಿಲ್ಲ. ವಕೀಲಮ್ಮ ತನ್ನ ಪತ್ರವನ್ನು ನಾಲ್ಕಾಗಿ ಮಡಿಚಿ ತಂದು ನನ್ನ ಕೈಗೇ ಕೊಟ್ಟಳು.

“ಮನೇಲಿ ಓದಿ ಮಿಸ್. ಕೂತ್ಕೊಂಡು ಓದಿ.”

ಮನೆಗೆ ಬಂದು ಕೂತೇ ಓದಿದೆ. ಅವಳ ಇಂಗ್ಲಿಷಿಗೆ ನಾನು ಹೆಚ್ಚು ಕೈ ಹಚ್ಚದೆ ಇಲ್ಲಿ ಹೇಳುತ್ತೇನೆ.

‘ವಿಷಯ: ನನ್ನ ಚಪ್ಪಲಿಯ ಬಗ್ಗೆ ದೂರು.

ಪ್ರಿಯ ಪತ್ನಿಗೆ,

ಹನ್ನೆರಡು ವರ್ಷದ ಹಿಂದೆ ನೀನು ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ನಾನು ಬರಲಿಲ್ಲ. ಪಕ್ಕದ ಮಂಚದವರಿಗೆ ನಾನು ಟೂರಿನಲ್ಲಿದ್ದೇನೆ ಎಂದು ನೀನು ಹೇಳಿದೆ. ಆದರೆ ಆಸ್ಪತ್ರೆಯ ಫಾರಂನಲ್ಲಿ ಗಂಡನ ಹೆಸರಿನ ಜಾಗದಲ್ಲಿ ನೀನೇ ಗೆರೆ ಎಳೆದಿದ್ದೆ. ನಿನ್ನ ಹತ್ತಿರ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಕೆಲಸ ಮಾಡುತ್ತಿದ್ದ ನರ್ಸ್ ಆ ಫಾರಂ ನೋಡಿದಳು. ಅವಳು ನಿನ್ನ ತರಗತಿಯಲ್ಲಿ ಕಿಟಕಿ ಪಕ್ಕದ ಎರಡನೇ ಬೆಂಚಿನಲ್ಲಿ ಕೂತು ನನ್ನ ಮೊದಲನೇ ಪತ್ರ ಬರೆದವಳು. ಅವಳು ಏನೂ ಹೇಳಲಿಲ್ಲ, ನಿನಗೆ ಬೇಜಾರಾಗುತ್ತದೆ ಎಂದು.

ನೀನು ಮನೆಗೆ ಹೋದ ಮೇಲೆ ಒಂದು ಭಾನುವಾರ ಅವಳು ಕಿತ್ತಳೆ ಹಣ್ಣು ತೆಗೆದುಕೊಂಡು ನಮ್ಮ ಮನೆಗೆ ಬಂದಳು. ಹನ್ನೊಂದನೇ ಮೆಟ್ಟಿಲಿನಿಂದ ನನ್ನ ಚಪ್ಪಲಿ ಕಾಣಿಸಿತು. ಬಾಗಿಲು ತಟ್ಟಿದರೆ ಮಿಸ್ ಇಲ್ಲದವರನ್ನು ಎಲ್ಲಿಂದ ತಂದು ತೋರಿಸಬೇಕು, ಪಾಪ ಅವರಿಗೆ ಕಷ್ಟ ಕೊಡಬಾರದು ಎಂದು ವಾಪಸ್ ಹೋದಳು. ಆಮೇಲೆ ಇನ್ನೂ ಎರಡು ಸಲ ಬಂದಳು. ಅವಳ ಜೊತೆ ಓದಿದವರಿಗೆ ಹೇಳಿದಳು, ಅವರು ತಮ್ಮಂದಿರಿಗೆ ಹೇಳಿದರು. ಎಷ್ಟೋ ಜನ ಬಂದಿದ್ದಾರೆ. ಎಲ್ಲರೂ ನನ್ನ ಚಪ್ಪಲಿ ನೋಡಿ ಇಳಿದು ಹೋಗಿದ್ದಾರೆ. ಹೋದ ಭಾನುವಾರ ಈ ಪತ್ರ ಬರೆಯುತ್ತಿರುವವಳೂ ಬಂದಿದ್ದಳು.

ನಾನು ಲಿಫ್ಟ್ ನೋಡಿಕೊಳ್ಳುವವನು. ಜನರನ್ನು ಮೇಲೆ ಕಳಿಸುವುದು ನನ್ನ ಕೆಲಸ. ನನ್ನ ಚಪ್ಪಲಿ ಎಲ್ಲರನ್ನೂ ಕೆಳಗೆ ಕಳಿಸುತ್ತಿದೆ. ಇದು ನನಗೆ ಅವಮಾನ. ದಯವಿಟ್ಟು ಅದನ್ನು ಒಳಗೆ ತೆಗೆದಿಡು.

ಇತಿ, ನಿನ್ನ ಗಂಡ.

ವಿ.ಸೂ.: ಆ ನರ್ಸ್ ನಮ್ಮ ಅಮ್ಮ. ಇದನ್ನು ಬರೆಯಬೇಡ ಎಂದಿದ್ದರು. ನಾನು ಬರೆದಿದ್ದೇನೆ.’

ಪತ್ರವನ್ನು ಇನ್ನೊಮ್ಮೆ ಓದಿದೆ. ‘ಪಾಪ’ ಎಂಬ ಮಾತು ಅದರಲ್ಲಿತ್ತು, ನಡುವೆ, ಅಲ್ಪವಿರಾಮದ ಪಕ್ಕದಲ್ಲಿ. ಹನ್ನೆರಡು ವರ್ಷದಿಂದ ಎಲ್ಲರಿಗೂ ಗೊತ್ತಿತ್ತು. ಬಚ್ಚಲಿಗೆ ಒಣ ಬಟ್ಟೆ ಹಾಕು ಎಂದು ಪತ್ರ ಬಂದದ್ದು ನಾನು ಬಿದ್ದ ಮರುವರ್ಷ. ಮಕ್ಕಳಿಗೆ ಎಷ್ಟು ಚೆನ್ನಾಗಿ ಊಹೆ ಮಾಡಲು ಬರುತ್ತದೆ ಎಂದು ಆಗ ಬೀಗಿದ್ದೆ. ಟೂರ್ ಇರತ್ತಲ್ವಾ ಎಂದು ಎದ್ದು ನಿಂತ ಹುಡುಗಿಯನ್ನು ಗದರಿ ಕೂರಿಸಿದ್ದೆ. ಮುಖ ಬಿಸಿಯಾಯಿತು.

ಆದರೆ ಅದಕ್ಕಿಂತ ಬೇರೆಯೇ ಒಂದು ವಿಷಯ ಎದೆಯಲ್ಲಿ ಸಿಕ್ಕಿಕೊಂಡಿತ್ತು. ಆ ಭಾನುವಾರಗಳು. ಒಂಬತ್ತು, ಹತ್ತು, ಹನ್ನೊಂದು ಎಂದು ನಾನು ಒಳಗೆ ಕೂತು ಎಣಿಸಿದ ಹೆಜ್ಜೆಗಳು ಬಟ್ಟೆ ಕೇಳಲು ಬಂದವರದಲ್ಲ. ನನ್ನನ್ನು ನೋಡಲು ಬಂದವರದು. ಕಿತ್ತಳೆ ಹಿಡಿದುಕೊಂಡು ಬಂದವರದು. ನಡುವೆ ಇದ್ದದ್ದು ಒಂದು ಮರದ ಬಾಗಿಲು, ಎಂಟನೇ ನಂಬರಿನ ಒಂದು ಜೊತೆ ಚಪ್ಪಲಿ. ಎಷ್ಟು ಜನ ಬಂದಿದ್ದರು ಎಂದು ಲೆಕ್ಕ ಹಾಕಲು ಹೋಗಿ, ಅಳು ಬಂತು. ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಮುಖ ತೊಳೆದುಕೊಂಡು ಬಾಗಿಲು ತೆಗೆದೆ. ನಮ್ಮ ಮನೆಯವರ ಪತ್ರವನ್ನು ನಾನು ಯಾವತ್ತೂ ಮೀರಿದವಳಲ್ಲ. ಚಪ್ಪಲಿಯನ್ನು ಒಳಗೆ ತಂದು ಹಳೆಯ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ಹೊರಗೆ ನೆಲದ ಮೇಲೆ ಅದರ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು.

ಶುಕ್ರವಾರ ಸಭೆ ತುಂಬಿತ್ತು. ವೇದಿಕೆಯ ಮೇಲೆ ಜೋಡಿ ಕುರ್ಚಿ, ಪಕ್ಕದಲ್ಲಿ ಸ್ಟ್ಯಾಂಡಿನ ಮೇಲೆ ಕರಿಹಲಗೆ, ಅದರಲ್ಲಿ ಬಣ್ಣದ ಸೀಮೆಸುಣ್ಣದಲ್ಲಿ ನನಗೂ ನಮ್ಮ ಮನೆಯವರಿಗೂ ಸ್ವಾಗತ. ಹೆಡ್‌ಮಾಸ್ಟರು ಗೇಟಿನ ಕಡೆಗೇ ನೋಡುತ್ತಿದ್ದರು. “ಯಜಮಾನರು ಹೊರಟಿದ್ದಾರಾ ಮೇಡಂ?” ಎಂದು ನಾಲ್ಕು ಸಲ ಕೇಳಿದರು. ಭಾಷಣಕ್ಕೆಂದು ಮೂರು ಪುಟ ಬರೆದುಕೊಂಡಿದ್ದೆ, ಅದನ್ನು ಮಡಿಚಿ ಚೀಲಕ್ಕೆ ಹಾಕಿ ಎದ್ದು ನಿಂತೆ.

“ಇವತ್ತು ಭಾಷಣ ಇಲ್ಲ, ಪಾಠ,” ಎಂದೆ. “ಮೊದಲನೇದು, ನಮ್ಮ ಮನೆಯವರು ಬರೋದಿಲ್ಲ. ಅವರು ಇಲ್ಲ. ಯಾವತ್ತೂ ಇರಲಿಲ್ಲ. ನಾನು ಮದುವೆ ಆಗಿಲ್ಲ.”

ಹೆಡ್‌ಮಾಸ್ಟರ ಕೈಯಲ್ಲಿದ್ದ ಹೂಗುಚ್ಛ ಅರ್ಧಕ್ಕೆ ನಿಂತಿತು. ಮಕ್ಕಳ ಸಾಲಿನಲ್ಲಿ ಒಂದು ತಲೆಯೂ ಆಚೀಚೆ ಆಗಲಿಲ್ಲ, ಎಲ್ಲರೂ ತಮ್ಮ ತಮ್ಮ ಶೂ ನೋಡಿಕೊಂಡರು. ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ, ನನಗೆ ನೋವಾಯಿತೇನೋ ಎಂಬ ಸಂಕಟ ಇತ್ತು.

“ಎರಡನೇದು, ನೋಡ್ಕೊಂಡು ಬರ್ಕೊಳ್ಳಿ,” ಎಂದು ಸ್ವಾಗತವನ್ನು ಅಳಿಸಿ, ಸೀಮೆಸುಣ್ಣ ತೆಗೆದುಕೊಂಡೆ. ಇಂಗ್ಲಿಷಿನಲ್ಲಿ, ಹಂತ ಹಂತವಾಗಿ ಬರೆದೆ.

‘ನಮ್ಮ ಮನೆಗೆ ಬರುವುದು ಹೇಗೆ.

ಒಂದು. ಶಾಲೆಯ ಗೇಟಿನಿಂದ ಎಡಕ್ಕೆ ತಿರುಗಿ ಇಸ್ತ್ರಿ ಅಂಗಡಿಯವರೆಗೆ ನಡೆಯಿರಿ.

ಎರಡು. ಅಂಗಡಿಯ ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿ. ಒಟ್ಟು ಹದಿಮೂರು ಇವೆ.

ಮೂರು. ಹನ್ನೊಂದರಲ್ಲಿ ನಿಲ್ಲಬೇಡಿ.

ನಾಲ್ಕು. ಬಾಗಿಲು ತಟ್ಟಿ.

ಐದು. ಒಳಗೆ ಬಂದು ಕುಳಿತುಕೊಳ್ಳಿ.’

ಇಪ್ಪತ್ತಾರು ವರ್ಷ ಹೇಳಿಕೊಟ್ಟ ಪಾಠ ಇದು. ಬರೆಯದೇ ಇದ್ದದ್ದನ್ನು ಯಾರೂ ಮಾಡುವುದಿಲ್ಲ. ಬನ್ನಿ ಎಂದು ನಾನು ಯಾರಿಗೂ ಬರೆದಿರಲಿಲ್ಲ, ಹೇಳಿರಲೂ ಇಲ್ಲ. ತಂಗಿಗೂ ಇಲ್ಲ.

ಹೆಡ್‌ಮಾಸ್ಟರು ಈಗ ಚೇತರಿಸಿಕೊಂಡು “ಅಯ್ಯೋ, ಮೇಡಂ, ಪಾ...” ಎಂದು ಬಾಯಿ ತೆರೆದರು. ಅಷ್ಟರಲ್ಲಿ ಮೂರನೇ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು.

“ಮಿಸ್, ತಪ್ಪಿದೆ,” ಎಂದಳು ವಕೀಲಮ್ಮ. “ಯಾವತ್ತು ಅಂತ ಬರೆದಿಲ್ಲ.”

ಹೌದು, ಬರೆದಿರಲಿಲ್ಲ. ಆ ಧೈರ್ಯ ಬಂದಿರಲಿಲ್ಲ. ಕರಿಹಲಗೆಯ ಕಡೆ ತಿರುಗಿ ಮೇಲೆ ಸಣ್ಣದಾಗಿ ‘ಯಾವಾಗಲಾದರೂ’ ಎಂದು ಬರೆದೆ.

“ಯಾವಾಗಲಾದ್ರೂ ಅಂದ್ರೆ ಯಾವಾಗಲೂ ಬರಲ್ಲ ಮಿಸ್. ನೀವೇ ಹೇಳಿದ್ದು.”

ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ನೋಡನೋಡುತ್ತ ಇಡೀ ಒಂಬತ್ತನೇ ತರಗತಿ ನಗುತ್ತಿತ್ತು, ಹಾಲಿನ ಪ್ಯಾಕೆಟ್ಟನ್ನು ಒಲೆಯ ಮೇಲಿಟ್ಟಾಗ ನಕ್ಕ ಹಾಗೆಯೇ, ಒಂದು ಗುಲಗಂಜಿಯಷ್ಟೂ ಕಡಿಮೆಯಿಲ್ಲದೆ. ನಾನು ‘ಯಾವಾಗಲಾದರೂ’ ಎಂಬುದನ್ನು ಅಂಗೈಯಲ್ಲೇ ಅಳಿಸಿ, ‘ಈ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ’ ಎಂದು ದೊಡ್ಡದಾಗಿ ಬರೆದೆ. ಬರೆದ ಮೇಲೆ ಹೆದರಿಕೆಯಾಯಿತು. ಕರೆಯದೆ ಯಾರೂ ಬರದಿದ್ದರೆ ಸಹಿಸಬಹುದು. ಕರೆದೂ ಬರದಿದ್ದರೆ ಏನು ಮಾಡುವುದೆಂದು ನನಗೆ ಗೊತ್ತಿರಲಿಲ್ಲ.

ಭಾನುವಾರ ಒಂಬತ್ತಕ್ಕೆಲ್ಲ ಎರಡು ಸಲ ಗುಡಿಸಿ ಆಗಿತ್ತು. ಕುರ್ಚಿ ಎರಡೇ ಇದ್ದವೆಂದು ಹಿಂದಿನ ಸಂಜೆಯೇ ಕೆಳಗಿನ ಅಂಗಡಿಯವರಿಂದ ಸ್ಟೂಲು ತಂದಿದ್ದೆ. ಒಂಬತ್ತೂವರೆಗೆ ಬಾಗಿಲು ಹಾರುಹೊಡೆದು ಕೂತೆ. ಬೀದಿಯಲ್ಲಿ ಸೈಕಲ್ಲು ಹೋಯಿತು, ಯಾರೋ ಯಾರನ್ನೋ ಕರೆದರು, ನನ್ನನ್ನಲ್ಲ. ಹತ್ತಾಯಿತು. ಹತ್ತು ದಾಟಿ ಎರಡು ನಿಮಿಷವಾಯಿತು. ಮಕ್ಕಳಿಗೆ ಭಾನುವಾರ ಬೇರೆ ಕೆಲಸವಿರುವುದಿಲ್ಲವೇ, ಆಸ್ಪತ್ರೆಯಲ್ಲಿ ಡ್ಯೂಟಿ ಇರುವುದಿಲ್ಲವೇ ಎಂದು ಅವರ ಪರವಾಗಿ ನಾನೇ ನೆವ ಬರೆಯತೊಡಗಿದೆ. ಅದರಲ್ಲಿ ನನ್ನದು ಎತ್ತಿದ ಕೈ.

ಆಗ ಮೆಟ್ಟಿಲು ಸದ್ದು ಮಾಡಿತು. ಎರಡು ಜೊತೆ ಹೆಜ್ಜೆ, ಒಂದು ಹಗುರ, ಒಂದು ಭಾರ. ನಾನು ಅಲುಗಾಡದೆ ಎಣಿಸಿದೆ. ಒಂಬತ್ತು. ಹತ್ತು. ಹನ್ನೊಂದು.

ಹನ್ನೆರಡು.

ಹದಿಮೂರು. ಬಾಗಿಲು ತೆರೆದೇ ಇತ್ತು, ಹೊಸ್ತಿಲಲ್ಲಿ ತಾಯಿಯೂ ಮಗಳೂ ನಿಂತಿದ್ದು ನನಗೆ ಕಾಣುತ್ತಿತ್ತು, ತಾಯಿಯ ಕೈಯಲ್ಲಿ ಕಿತ್ತಳೆಯ ಚೀಲ. ಆದರೂ ಮಗಳು ಕೈ ಎತ್ತಿ ಬಾಗಿಲು ತಟ್ಟಿದಳು. ನಾನು ಹಾಗೆ ಬರೆದಿದ್ದೆನಲ್ಲ.